ಬೆಟ್ಟದ ಮನೆಯ ಒದ್ದೆ ಗೋಡೆ



ಸ್ಕಾಟ್ಲೆಂಡಿನ ಕ್ಲೈಡ್ ನದಿ ಕಡಲಿಗೆ ಅಗಲವಾಗಿ ತೆರೆದುಕೊಳ್ಳುವ ಕಡೆ, ಅದರ ಉತ್ತರ ದಡದಲ್ಲಿ ಹೆಲೆನ್ಸ್‌ಬರೊ ಎಂಬ ಊರಿದೆ. 1858ರಲ್ಲಿ ರೈಲು ಬಂತು. ಗ್ಲಾಸ್ಗೊ ನಗರದ ವರ್ತಕರು ಅದರ ಹಿಂದೆಯೇ ಬಂದು, ಇಲ್ಲಿಯ ಇಳಿಜಾರಿನಲ್ಲಿ ಮರಳುಗಲ್ಲಿನ ಬಂಗಲೆಗಳನ್ನು ಕಟ್ಟಿಸಿಕೊಂಡರು. ಊರಿನ ಮೇಲ್ತುದಿಯ ಹಿಲ್ ಹೌಸ್, ಅಂದರೆ ಬೆಟ್ಟದ ಮನೆ, ಕೂಡ ಮರಳುಗಲ್ಲಿನದೇ. ಆದರೆ ಅದರ ಕಲ್ಲು ಕಣ್ಣಿಗೆ ಬೀಳುವುದಿಲ್ಲ. ಮೈತುಂಬ ಒರಟು ಸಿಮೆಂಟು ಗಿಲಾವು.

ಕಟ್ಟಿಸಿದವರು ಪುಸ್ತಕ ಪ್ರಕಾಶಕ ವಾಲ್ಟರ್ ಬ್ಲ್ಯಾಕಿ. ಅವರ ಸಂಸ್ಥೆಯ ಪಠ್ಯಪುಸ್ತಕಗಳನ್ನು ಭಾರತದ ಶಾಲೆಗಳಲ್ಲೂ ಓದುತ್ತಿದ್ದರು. ಕೆಂಪು ಹೆಂಚು ಬೇಡ, ಅಲಂಕಾರದ ಮರದ ತೊಲೆ ಬೇಡ. ಬೂದು ಗೋಡೆ, ಸ್ಲೇಟಿನ ಚಾವಣಿ ಸಾಕು. ಚೆಲುವು ಕಟ್ಟಡದ ಆಕಾರದಿಂದಲೇ ಬರಲಿ ಎಂದು ಅವರು ಕೇಳಿಕೊಂಡರು. ಒಪ್ಪಿಕೊಂಡ ವಾಸ್ತುಶಿಲ್ಪಿ ಚಾರ್ಲ್ಸ್ ರೆನಿ ಮ್ಯಾಕಿಂಟಾಷ್‌ಗೆ ಆಗ ಮೂವತ್ತನಾಲ್ಕರ ಆಸುಪಾಸು. ಮನೆ 1902ರಿಂದ 1904ರೊಳಗೆ ಎದ್ದು ನಿಂತಿತು.

ಮ್ಯಾಕಿಂಟಾಷ್ ಕೆಲಸ ಮಾಡಿದ ರೀತಿ ನನಗೆ ಬಹಳ ಹಿಡಿಸುತ್ತದೆ. ಮೊದಲು ಬ್ಲ್ಯಾಕಿ ಕುಟುಂಬದ ದಿನಚರಿಯನ್ನು ಹತ್ತಿರದಿಂದ ನೋಡಿದರು. ಒಳಗಿನ ಕೋಣೆಗಳ ನಕ್ಷೆ ಮನೆಯವರಿಗೆ ಒಪ್ಪಿಗೆಯಾದ ಮೇಲೆಯೇ ಹೊರಗೋಡೆಯ ರೂಪ ಬರೆದರು. ವ್ಯವಹಾರಕ್ಕೆ ಬಂದವರು ಮನೆಯೊಳಕ್ಕೆಲ್ಲ ಬರಬೇಕಾಗದಂತೆ ಗ್ರಂಥಕೋಣೆ ಬಾಗಿಲ ಬಳಿಯೇ ಇದೆ. ಮಕ್ಕಳ ಕೋಣೆ ದೂರದಲ್ಲಿ. ಹಾಗಾಗಿ ಹೊರಗಿನ ಕಿಟಕಿಗಳು ಸಾಲಾಗಿ, ಸಮವಾಗಿ ಇಲ್ಲ. ಒಳಗೆ ಬೆಳಕು ಬೇಕಾದಲ್ಲಿ, ಬೇಕಾದಷ್ಟು ಅಗಲಕ್ಕೆ ತೆರೆದಿವೆ. ಪಡಸಾಲೆ ಕಪ್ಪು ಮರದ ಮಬ್ಬಿನದು. ಅಲ್ಲಿಂದ ದಾಟಿದರೆ ದಿವಾನಖಾನೆ ಬಿಳಿ ಬಿಳಿ, ಕ್ಲೈಡ್ ಕಡೆಗೆ ಚಾಚಿದ ಕಿಟಕಿ, ಅದರ ಕೆಳಗೆ ಕೂರುವ ಜಗಲಿ. ಮಲಗುವ ಕೋಣೆಯೂ ಬಿಳಿಯದೇ, ಅಲ್ಲಿ ನೆಟ್ಟಗೆ ಏಣಿಯಂತೆ ಎದ್ದ ಕಪ್ಪು ಕುರ್ಚಿ. ಒಳಾಂಗಣದ ಅಲಂಕಾರದಲ್ಲಿ ಅವರ ಪತ್ನಿ ಮಾರ್ಗರೆಟ್ ಮ್ಯಾಕ್ಡೊನಾಲ್ಡ್ ಅವರ ಕೈಯೂ ಇದೆ. ಈ ಮನೆಯ ಮಾತು ಬಂದಾಗ ಆಕೆಯ ಹೆಸರು ಬಿಡಬಾರದು.

ಈಗ ಗೋಡೆಯ ವಿಷಯ. ಮರಳುಗಲ್ಲು ನೀರು ಹೀರುತ್ತದೆ, ಗಾಳಿಯಾಡಿದರೆ ಬಿಡುತ್ತದೆ. ಸ್ಕಾಟ್ಲೆಂಡಿನ ಹಳೆಯ ಕೋಟೆಮನೆಗಳಿಗೆ ಸುಣ್ಣದ ಗಿಲಾವು ಮೆತ್ತುತ್ತಿದ್ದುದು ಅದಕ್ಕೇ, ಸುಣ್ಣವೂ ಉಸಿರಾಡುತ್ತದೆ. ಮ್ಯಾಕಿಂಟಾಷ್ ಆ ಕೋಟೆಗಳ ಗಟ್ಟಿ ಮೈಯನ್ನು ಮೆಚ್ಚಿದ್ದರು, ಆದರೆ ಮೆತ್ತಲು ಆರಿಸಿದ್ದು ಪೋರ್ಟ್‌ಲ್ಯಾಂಡ್ ಸಿಮೆಂಟು. ಅದು ಗಡುಸು. ಬಿಸಿಲು ಚಳಿಗೆ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಅದರೊಳಗೆ ಇಳಿದ ಮಳೆನೀರಿಗೆ ಹಿಂತಿರುಗುವ ದಾರಿ ಇಲ್ಲ. ಸಾಲದ್ದಕ್ಕೆ, ಆಕಾರ ಒಂದೇ ತುಂಡಿನಿಂದ ಕಡೆದಂತೆ ನಯವಾಗಿ ಕಾಣಲೆಂದು ಗೋಡೆಯ ನೆತ್ತಿಗೆ ನೀರು ಆಚೆ ಸಿಡಿಸುವ ಕಲ್ಲಿನ ಹಾಸನ್ನು ಎಷ್ಟೋ ಕಡೆ ಕೈಬಿಟ್ಟರು. ಮಳೆ ನೇರ ಗೋಡೆಯ ಮೇಲೇ ಹರಿಯಿತು. ಒಂದು ಶತಮಾನದ ತೇವ ಒಳಗೇ ಉಳಿಯಿತು.

1982ರಿಂದ ಈ ಮನೆ ನ್ಯಾಷನಲ್ ಟ್ರಸ್ಟ್ ಫಾರ್ ಸ್ಕಾಟ್ಲೆಂಡ್ ಸಂಸ್ಥೆಯ ಕೈಯಲ್ಲಿದೆ. ಸಿಮೆಂಟನ್ನು ಕಿತ್ತು ಸುಣ್ಣ ಮೆತ್ತಿದರೆ ಮುಗಿಯಿತಲ್ಲ ಅನ್ನಿಸಬಹುದು. ಆದರೆ ಆ ಸಿಮೆಂಟು ಹೊದಿಕೆಯೂ ಮ್ಯಾಕಿಂಟಾಷ್ ಬರೆದ ರೂಪದ ಒಂದು ಭಾಗ. ಅದನ್ನು ಬದಲಿಸುವುದು ಚಿತ್ರಕಾರನ ಬಣ್ಣವನ್ನೇ ಬದಲಿಸಿದ ಹಾಗೆ. ಆತುರಪಡದಿರುವುದೇ ಸರಿ ಎಂದು ನನಗೂ ತೋರುತ್ತದೆ.

ಟ್ರಸ್ಟ್ ಮೊದಲು ಮನೆಯನ್ನು ಒಣಗಿಸಲು ತೀರ್ಮಾನಿಸಿತು. ಕಾರ್ಮೊಡಿ ಗ್ರೋರ್ಕ್ ಎಂಬ ವಾಸ್ತುಶಿಲ್ಪಿ ಸಂಸ್ಥೆ ರೂಪಿಸಿದ ಭಾರಿ ಉಕ್ಕಿನ ಚೌಕಟ್ಟು 2019ರಲ್ಲಿ ಇಡೀ ಮನೆಯನ್ನು ಸುತ್ತುವರಿಯಿತು. ಮೇಲೆ ಚಾವಣಿ, ಸುತ್ತ ಗೋಡೆಯ ಬದಲು, ಯೋಧರ ಕವಚದಂತೆ ಬಳೆಬಳೆ ಹೆಣೆದ ಉಕ್ಕಿನ ಜಾಲರಿ. ಬಹುಪಾಲು ಮಳೆ ಅದರಲ್ಲೇ ನಿಲ್ಲುತ್ತದೆ, ಗಾಳಿ ಮಾತ್ರ ಒಳಗೆ ಆಡುತ್ತದೆ. ನೋಡಲು ಬಂದವರು ಚೌಕಟ್ಟಿನ ಮೆಟ್ಟಿಲೇರಿ, ಮನೆಯ ಚಾವಣಿಯ ಮಟ್ಟದಲ್ಲಿ ನಡೆದಾಡಬಹುದು. ಆ ಎತ್ತರದಿಂದ, ಹೊಗೆಗೂಡುಗಳ ಪಕ್ಕದಲ್ಲೇ ನಿಂತು, ಬಿರುಕು ಬಿಟ್ಟ ಆ ಗಿಲಾವನ್ನು ಕಣ್ಣಾರೆ ನೋಡಬಹುದು.