ಗೊಂಬೆಗೆ ಮಾತು ಕೊಡುವವರು ಯಾರು?



ಬ್ಯಾಂಕಿನಲ್ಲಿ ನೋಟು ಎಣಿಸಿ ಸವೆದ ನನ್ನ ಬೆರಳುಗಳಿಗೆ ಈಚೆಗೆ ಹೊಸ ಕೆಲಸ ಸಿಕ್ಕಿದೆ. ಪುಣೆಯಲ್ಲಿರುವ ಮಗನ ಮನೆಗೆ ಹೋದಾಗ ಮೊಮ್ಮಗನೊಡನೆ ಗೊಂಬೆಗಳ ಪ್ರದರ್ಶನವೊಂದನ್ನು ನೋಡಿ ಬಂದೆ. ಆ ಸಂಗತಿಯನ್ನು ಉಮರ್ಗಾ, ನಿಲಂಗಾ, ಉದಗೀರ ಭಾಗದ ತಮಗೆ ಹೇಳಬೇಕೆನಿಸಿತು.

ಕೈಗೊಂಬೆಗೆ ದಾರವಿಲ್ಲ, ಕೋಲಿಲ್ಲ. ಕೈಗವಸಿನಂತೆ ತೊಡುವುದು. ತೋರುಬೆರಳು ತಲೆಯೊಳಗೆ, ಹೆಬ್ಬೆರಳು, ನಡುಬೆರಳು ತೋಳುಗಳೊಳಗೆ. ಕೇರಳದ ಪಾವಕಥಕಳಿ ಗೊಂಬೆಗಳಿಗೆ ಮರದ ತಲೆ, ಮರದ ಕೈ, ಕಥಕಳಿಯದೇ ಬಣ್ಣ. ಪಕ್ಕದಲ್ಲಿ ಲಖನೌ ಕಡೆಯ ಗುಲಾಬೊ, ಸಿತಾಬೊ. ಇಬ್ಬರೂ ಸವತಿಯರು, ಒಬ್ಬನ ಎರಡು ಕೈಗಳಲ್ಲೇ ಕುಳಿತು ಜಗಳಾಡುವವರು. 2020ರಲ್ಲಿ ಬಂದ ಅಮಿತಾಭ್ ಬಚ್ಚನ್ ಅವರ ಹಿಂದಿ ಚಿತ್ರಕ್ಕೆ ಇವರದೇ ಹೆಸರು. ಮನೆಮಾಲೀಕ ಮತ್ತು ಬಾಡಿಗೆದಾರರ ಜಗಳದ ಕಥೆಗೆ ತಕ್ಕ ಹೆಸರೇ!

ಮೊಮ್ಮಗ ಮಾತ್ರ ತಾತ್ಯಾ ವಿಂಚೂ ಚಿತ್ರದ ಮುಂದೆ ನಿಂತುಬಿಟ್ಟಿದ್ದ. 1993ರ 'ಝಪಾಟಲೇಲಾ' ಮರಾಠಿ ಚಿತ್ರಕ್ಕಾಗಿ ರಾಮದಾಸ ಪಾಧ್ಯೆಯವರು ರೂಪಿಸಿದ ಗೊಂಬೆ ಅದು. ಕನ್ನಡದಲ್ಲಿ ಗೊಂಬೆಗಳಿಲ್ಲವೇ ಎಂದು ಹುಡುಗ ನನ್ನನ್ನು ಕೇಳಿದ. ಕೇಳಿದ್ದು ಮರಾಠಿಯಲ್ಲಿ.

ಇವೆಯಪ್ಪಾ ಎಂದೆ. ತೊಗಲುಗೊಂಬೆ ಆಡಿಸುವ ಕಿಳ್ಳೇಕ್ಯಾತರ ಮನೆಮಾತು ಮರಾಠಿ. ಪರದೆಯ ಹಿಂದೆ ಕುಳಿತರೆ ರಾಮಾಯಣ, ಮಹಾಭಾರತ ಎಲ್ಲವೂ ಕನ್ನಡದಲ್ಲಿ. ಅದೇ ಕಲೆಯ ಹಿರಿಯ ಜೀವ, ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು.

ನಮ್ಮದು ಅದರ ತಿರುವುಮುರುವು. ಮನೆಯಲ್ಲಿ ಕನ್ನಡ, ಪೇಟೆ, ಕಚೇರಿ, ಸಾಲೆಯಲ್ಲಿ ಮರಾಠಿ. ಎರಡೂ ಬೇಕು. ಆದರೆ ಅವರು ಎರಡನ್ನೂ ಮಕ್ಕಳಿಗೆ ದಾಟಿಸಿದರು. ನಾನೇನು ಮಾಡಿದೆ? ಪುಣೆಯ ಹುಡುಗನೆಂದು ಮೊಮ್ಮಗನೊಡನೆ ಮರಾಠಿಯಲ್ಲೇ ಮಾತಾಡುತ್ತ ಬಂದೆ. ತಪ್ಪು ಅವನದಲ್ಲ.

ಹೊರಗೆ ಮಾರಾಟಕ್ಕಿದ್ದ ಬಟ್ಟೆಯ ಮಂಗನೊಂದನ್ನು ಕೊಂಡೆ. ರಾತ್ರಿ ಅದನ್ನು ಕೈಗೆ ತೊಟ್ಟು, "ಊಟ ಆತೇನೋ ತಮ್ಮಾ?" ಎಂದೆ. ಹುಡುಗ ನನ್ನ ಮುಖ ನೋಡಲಿಲ್ಲ, ಮಂಗನ ಮುಖ ನೋಡಿದ. "ಇನ್ನಾ ಆಗಿಲ್ಲ" ಎಂದ. ಅವನಿಗೆ ಕನ್ನಡ ಬರುತ್ತಿತ್ತು; ಕೇಳುವವರು ಇರಲಿಲ್ಲ, ಅಷ್ಟೆ. ಈಗ ದಿನವೂ ಫೋನಿನಲ್ಲಿ ಮೊದಲು ಮಂಗನನ್ನೇ ಕರೆಯುತ್ತಾನೆ.

ತಮ್ಮ ಮನೆಯಲ್ಲೂ ಒಂದು ಹಳೆಯ ಕಾಲುಚೀಲ ಇದ್ದೇ ಇರುತ್ತದೆ. ಎರಡು ಗುಂಡಿ ಹೊಲಿದರೆ ಕಣ್ಣಾಯಿತು. ಮಾತನ್ನು ಮಾತ್ರ ನಾವೇ ಕೊಡಬೇಕು.