ಆ ಪದರವನ್ನು ಎಸೆಯಲಿಲ್ಲ
(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರ ಭಾಷಣ)

ಈ ಶಾಲೆಯಲ್ಲಿ ಓದಿ ಎಸ್ಸೆಸ್ಸೆಲ್ಸಿ ಗಣಿತದಲ್ಲಿ ನಪಾಸಾದವನು ನಾನು. ಅಪ್ಪ ನನ್ನನ್ನು ಗಾರೆ ಕೆಲಸಕ್ಕೆ ಕಳಿಸಲು ಹೊರಟಿದ್ದರು. ಗಣಿತದ ಮೇಷ್ಟ್ರು ಮನೆಗೇ ಬಂದು, "ಆರು ತಿಂಗಳು ಹುಡುಗನನ್ನು ನನ್ನ ಹತ್ತಿರ ಬಿಡಿ" ಎಂದರು. ಮರುಪರೀಕ್ಷೆಯಲ್ಲಿ ಪಾಸಾದೆ. ಮುಂದೆ ಓದಿ, ಬೆಂಗಳೂರಿನ ಪ್ರಯೋಗಾಲಯವೊಂದನ್ನು ಸೇರಿದೆ.

ಅಲ್ಲಿ ನಮ್ಮ ಕೆಲಸ ಸೂಪರ್‌ಕಂಡಕ್ಟರ್, ಅಂದರೆ ಅತಿವಾಹಕದ ಪದರ ಬೆಳೆಸುವುದು. ವಿದ್ಯುತ್ತಿಗೆ ಕಿಂಚಿತ್ತೂ ತಡೆ ಒಡ್ಡದ ವಸ್ತುವೇ ಅತಿವಾಹಕ. 1986ರಲ್ಲಿ ಬೆಡ್ನೋರ್ಟ್ಸ್ ಮತ್ತು ಮ್ಯೂಲರ್ ಪಿಂಗಾಣಿಯಂಥ ವಸ್ತುವಿನಲ್ಲಿ ಈ ಗುಣ ಕಂಡರು. ಮರುವರ್ಷ ಯಿಟ್ರಿಯಂ, ಬೇರಿಯಂ, ತಾಮ್ರ, ಆಮ್ಲಜನಕ ಸೇರಿದ ವಸ್ತು ಸುಮಾರು ಮೈನಸ್ 180 ಡಿಗ್ರಿಯಲ್ಲೇ ಅತಿವಾಹಕವೆಂದು ತಿಳಿಯಿತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಸಿ.ಎನ್.ಆರ್. ರಾವ್ ಅವರ ತಂಡವೂ ಆಗ ಈ ಸಂಶೋಧನೆಯಲ್ಲಿ ತೊಡಗಿತ್ತು.

ಈ ವಸ್ತುವಿನ ಬಿಲ್ಲೆಗೆ ಲೇಸರ್ ಹಾಯಿಸಿ, ಎದ್ದ ಆವಿಯನ್ನು ಕಾದ ತಟ್ಟೆಯ ಮೇಲೆ ಕೂರಿಸುತ್ತೇವೆ. ಪದರ ಕೂದಲಿಗಿಂತ ನೂರು ಪಟ್ಟು ತೆಳು. ತಟ್ಟೆ ಸುಮಾರು 750 ಡಿಗ್ರಿ ಕಾದಿರಬೇಕು. ಶಾಖ ಕಡಿಮೆಯಾದರೆ ಹರಳುಗಳು ಅಡ್ಡಾದಿಡ್ಡಿ ಬೆಳೆದು, ಅವುಗಳ ಸಂದಿನಲ್ಲಿ ವಿದ್ಯುತ್ತು ಎಡವುತ್ತದೆ. ಹೆಚ್ಚಾದರೆ ಪದರ ತಟ್ಟೆಯೊಡನೆ ಬೆರೆತು ಕೆಡುತ್ತದೆ. ಕೊನೆಗೆ ಆಮ್ಲಜನಕ ತುಂಬಿ ನಿಧಾನವಾಗಿ ತಣಿಸಬೇಕು.

ಒಂದು ಸಂಜೆ ಊರಿನ ಬಸ್ಸು ಹಿಡಿಯುವ ಅವಸರದಲ್ಲಿ ಆಮ್ಲಜನಕ ಕೊಡದೆಯೇ ತಣಿಸಿಬಿಟ್ಟೆ. ಮತ್ತೆ ಬಂದು ಅಳೆದರೆ ಪದರ ಅತಿವಾಹಕವಾಗಿರಲೇ ಇಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ! ಎಸೆಯಲು ಹೊರಟಾಗ ನಮ್ಮ ಹಿರಿಯರು ತಡೆದರು. ಆಮ್ಲಜನಕದಲ್ಲಿ ಸುಮಾರು 500 ಡಿಗ್ರಿಗೆ ಮತ್ತೆ ಕಾಯಿಸಿ, ತಾಸುಗಟ್ಟಲೆ ಇಟ್ಟು, ಮೆಲ್ಲಗೆ ತಣಿಸಿದೆವು. ಅದೇ ಪದರ ಅತಿವಾಹಕವಾಯಿತು! ವಸ್ತುವಿನಲ್ಲಿ ದೋಷವಿರಲಿಲ್ಲ, ಅದಕ್ಕೆ ಬೇಕಾದುದನ್ನು ನಾನು ಕೊಟ್ಟಿರಲಿಲ್ಲ.

ಪಾವಗಡದ ತಿರುಮಣಿ ಸೋಲಾರ್ ಪಾರ್ಕಿನಿಂದ ಹೊರಡುವ ವಿದ್ಯುತ್ತಿನಲ್ಲೂ ಒಂದು ಪಾಲು ತಂತಿಯ ಬಿಸಿಯಾಗಿ ಕಳೆದುಹೋಗುತ್ತದೆ. ಆ ನಷ್ಟ ತಗ್ಗಿಸಲು ಇಂಥ ಪದರವಿರುವ ಕೇಬಲ್‌ಗಳನ್ನು ಜಗತ್ತಿನ ಕೆಲವೆಡೆ ಈಗಾಗಲೇ ಹಾಕಿದ್ದಾರೆ. ಅವು ಇಲ್ಲಿಗೂ ಬರಲಿ. ತಂದವರು ನಮ್ಮ ಮಕ್ಕಳೇ ಆಗಿರಲಿ.

ಮೇಷ್ಟ್ರು ಇಂದು ನಮ್ಮೊಡನಿಲ್ಲ. ಇದ್ದಿದ್ದರೆ ಆ ಪದರವನ್ನು ಅವರ ಕೈಗಿಡುತ್ತಿದ್ದೆ. ಶಿಕ್ಷಕರಲ್ಲಿ ನನ್ನದೊಂದೇ ಕೋರಿಕೆ: ಈ ವರ್ಷ ನಪಾಸಾದ ಮಕ್ಕಳ ಮನೆಗೆ ಒಮ್ಮೆ ಹೋಗಿ ಬನ್ನಿ.