ಹೊಲದ ದಾರಿಯೂ ನಮ್ಮ ಆರೋಗ್ಯವೂ

(ರೈತ ತರಬೇತಿ ಶಿಬಿರವೊಂದರಲ್ಲಿ ಮಾಡಿದ ಭಾಷಣ)



ಬೇಸಾಯಶಾಸ್ತ್ರ ಕಲಿಸುವ ನಾನು ಬೀಜ-ಗೊಬ್ಬರದ ಮಾತು ಬಿಟ್ಟು ನಡಿಗೆಯ ವಿಚಾರ ಹೇಳಲು ನಿಂತಿರುವುದು ನಿಮಗೆ ವಿಚಿತ್ರವೆನಿಸಬಹುದು. "ದಿನವಿಡೀ ದುಡಿಯುವ ನಮಗೆ ನಡಿಗೆಯ ಪಾಠವೇ?" ಎಂದೂ ನೀವು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆದರೆ ಇಂದು ಉಳುಮೆಗೆ ಟ್ರ್ಯಾಕ್ಟರು, ನೀರೆತ್ತಲು ಪಂಪು, ಒಕ್ಕಣೆಗೆ ಯಂತ್ರ, ಹೊಲಕ್ಕೆ ಹೋಗಲು ಬೈಕು ಬಂದಿವೆ. ಇವು ಬೇಡವೆಂದು ನಾನು ಹೇಳುವುದಿಲ್ಲ. ಇವುಗಳಿಂದ ಮೈಗೆ ಎಷ್ಟು ಕೆಲಸ ತಪ್ಪಿತು ಎಂಬ ಲೆಕ್ಕವನ್ನಷ್ಟೇ ಹಾಕೋಣ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯಂತೆ, ಹಳ್ಳಿಗಳಲ್ಲೂ ವಯಸ್ಕರಲ್ಲಿ ನೂರಕ್ಕೆ ಸುಮಾರು 9 ಮಂದಿಗೆ ಸಕ್ಕರೆ ಕಾಯಿಲೆ ಇದೆ. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆಯಂಥ ಶ್ರಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2022ರ ಅಂದಾಜಿನಂತೆ ನಮ್ಮ ದೇಶದ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಅಷ್ಟೂ ಶ್ರಮವಿಲ್ಲ. ಗಂಡಸರಲ್ಲಿ ಇದು ಶೇಕಡಾ 42, ಹೆಂಗಸರಲ್ಲಿ ಶೇಕಡಾ 57.

ಇದು ಕೇವಲ ಸೋಮಾರಿತನವೇ? ಅಲ್ಲ. ಪೈರು ಸೊರಗಿದರೆ ನಾವು ಬೀಜವನ್ನಷ್ಟೇ ದೂರುವುದಿಲ್ಲ, ಮಣ್ಣನ್ನೂ ನೋಡುತ್ತೇವೆ. ಮನುಷ್ಯನ ನಡಿಗೆಗೂ ಅವನ ಸುತ್ತಲಿನ ಪರಿಸರವೇ ಮಣ್ಣು. ಚೆನ್ನೈ ನಗರದ ಒಂದು ಬಡಾವಣೆಯ ನಿವಾಸಿಗಳು ವೈದ್ಯರ ತಿಳುವಳಿಕೆ ಪಡೆದು, ತಾವೇ ಹಣ ಕೂಡಿಸಿ ಉದ್ಯಾನವೊಂದನ್ನು ಮಾಡಿಕೊಂಡರು. ವಾರಕ್ಕೆ ಮೂರಕ್ಕಿಂತ ಹೆಚ್ಚು ಸಲ ವ್ಯಾಯಾಮ ಮಾಡುವವರು ಅಲ್ಲಿ ಮೊದಲು ನೂರಕ್ಕೆ 14 ಮಂದಿ ಇದ್ದರು, ಆಮೇಲೆ ಸುಮಾರು 59 ಆದರು. ಡಾ. ವಿ. ಮೋಹನ್ ಮತ್ತು ಸಂಗಡಿಗರು ಇದನ್ನು 2006ರಲ್ಲಿ ಪ್ರಕಟಿಸಿದರು. ತಿಳುವಳಿಕೆಯ ಜೊತೆಗೆ ಜಾಗವೂ ಸಿಕ್ಕಿತು, ಜನ ನಡೆದರು.

ಹಳ್ಳಿಗೆ ಉದ್ಯಾನ ಬೇಕಿಲ್ಲ, ದಾರಿ ಬೇಕು. ನಮ್ಮ ಮನೆಯದೇ ಸಂಗತಿ ಹೇಳುತ್ತೇನೆ. ಊರಿಂದ ನಮ್ಮ ಹೊಲ ಎರಡು ಕಿಲೋಮೀಟರು. ನಾನು ಹುಡುಗನಾಗಿದ್ದಾಗ ಹೊಂಗೆಯ ನೆರಳಿನ ಬಂಡಿದಾರಿ ಇತ್ತು. ಇಕ್ಕೆಲದವರೂ ವರ್ಷಕ್ಕೊಂದು ಗೇಣು ಒತ್ತಿ ಉಳುತ್ತಾ ಬಂದು, ಮರಗಳೂ ಹೋಗಿ, ಮುಳ್ಳು ಬೆಳೆದ ಬದುವಷ್ಟೇ ಉಳಿಯಿತು. ಅಣ್ಣ ಡಾಂಬರು ರಸ್ತೆ ಸುತ್ತಿ ಬೈಕಿನಲ್ಲಿ ಹೋಗತೊಡಗಿದ. ಲಾರಿ ಓಡಾಡುವ ಆ ರಸ್ತೆಯಲ್ಲಿ ನಡೆಯಲು ಹೆದರಿ ಅತ್ತಿಗೆ ಹೊಲಕ್ಕೆ ಹೋಗುವುದನ್ನೇ ಬಿಟ್ಟರು. ಎರಡು ವರ್ಷದ ಹಿಂದೆ ಅಣ್ಣನಿಗೆ ಸಕ್ಕರೆ ಕಾಯಿಲೆ ಕಾಣಿಸಿತು. ದಿನಾ ನಡೆಯಿರಿ ಎಂದರು ವೈದ್ಯರು. "ಎಲ್ಲಿ ನಡೀಲಪ್ಪಾ?" ಎಂದು ಅಣ್ಣ ನನ್ನನ್ನು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ.

ಮಳೆಗಾಲಕ್ಕೆ ಮುಂಚೆ ಅಳತೆ ಮಾಡಿಸಿದೆವು. ದಾರಿಯ ನಾಲ್ಕು ಅಡಿ ನಮ್ಮ ಹೊಲದಲ್ಲೇ ಸೇರಿತ್ತು! ನಾಚಿಕೆಯಾಯಿತು. ಮೊದಲು ನಾವೇ ಬದು ಹಿಂದಕ್ಕೆ ಹಾಕಿದೆವು. ಆಮೇಲೆ ಅಕ್ಕಪಕ್ಕದವರೊಡನೆ ಮಾತನಾಡಿದೆವು. ಒಬ್ಬರು ಇನ್ನೂ ಒಪ್ಪಿಲ್ಲ, ಉಳಿದವರು ಬಿಟ್ಟುಕೊಟ್ಟರು. ಈಗ ಅಣ್ಣ, ಅತ್ತಿಗೆ ಇಬ್ಬರೂ ನಡೆದು ಹೋಗುತ್ತಾರೆ. ಹೋಗಿ ಬರಲು ಸುಮಾರು 50 ನಿಮಿಷ. ವಾರಕ್ಕೆ ಮೂರು ದಿನವಾದರೂ 150 ನಿಮಿಷ ತುಂಬುತ್ತದೆ.

ನಿಮ್ಮ ಊರಿನಲ್ಲಿ ಹೀಗೆ ಮಾಡಬಹುದು:

1. ಗ್ರಾಮ ನಕಾಶೆಯಲ್ಲಿರುವ ದಾರಿಗಳನ್ನು ಗುರುತಿಸಿ, ಒತ್ತುವರಿಯನ್ನು ಮೊದಲು ಮಾತುಕತೆಯಿಂದ ಬಿಡಿಸಿರಿ. ಆಗದಿದ್ದರೆ ತಹಶೀಲ್ದಾರರಿಗೆ ಅರ್ಜಿ ಕೊಡಿರಿ.

2. ದಾರಿಯ ಬದಿಗೆ ಸುಮಾರು 8 ಮೀಟರಿಗೊಂದರಂತೆ ಹೊಂಗೆ, ಬೇವು ನೆಡಿರಿ. ಎರಡು ಅಡಿ ಉದ್ದ, ಅಗಲ, ಆಳದ ಗುಣಿ ಸಾಕು. ವಿದ್ಯುತ್ ತಂತಿಯ ಕೆಳಗೆ ನೆಡಬೇಡಿರಿ. ಆಡು-ಕುರಿಗಳಿಂದ ಕಾಪಾಡಲು ಮುಳ್ಳಿನ ಬೇಲಿ ಕಟ್ಟಿರಿ.

3. ಕೆರೆ ಏರಿಯ ಮೇಲಿನ ಮುಳ್ಳುಪೊದೆ ತೆಗೆಸಿ ಕಾಲುದಾರಿ ಮಾಡಿರಿ. ಏರಿಯ ಮೇಲೆ ದೊಡ್ಡ ಮರ ಬೇಡ. ಬೇರು ಸತ್ತ ಜಾಗದಲ್ಲಿ ನೀರು ಜಿನುಗೀತು.

4. ಶಾಲೆಯ ಆಟದ ಬಯಲಿನಲ್ಲಿ ಸಾಮಾನು ಪೇರಿಸಬೇಡಿರಿ.

5. ಹೆಂಗಸರು ಮುಂಜಾನೆ, ಸಂಜೆ ನಡೆಯುವ ದಾರಿಗೆ ದೀಪ ಬೇಕೆಂದು ಗ್ರಾಮಸಭೆಯಲ್ಲಿ ಕೇಳಿರಿ.

ಸಕ್ಕರೆ ಕಾಯಿಲೆ ಇರುವವರು ವೈದ್ಯರನ್ನು ಕೇಳಿಯೇ ನಡಿಗೆ ಆರಂಭಿಸಬೇಕು. ಬರಿಗಾಲಿನಲ್ಲಿ ನಡೆಯಬಾರದು. ಕಾಲಿನ ಗಾಯ ಅವರಿಗೆ ಬೇಗ ಮಾಯುವುದಿಲ್ಲ.

ಒತ್ತಿ ಉತ್ತ ಗೇಣು ನೆಲದಲ್ಲಿ ಬೆಳೆಯುವ ರಾಗಿ ಎಷ್ಟು? ನಾಲ್ಕು ಸೇರು ಇರಬಹುದು. ಅದಕ್ಕಾಗಿ ಊರಿನವರೆಲ್ಲರ ನಡಿಗೆಯನ್ನು ಕಳೆಯುವುದು ಲಾಭದ ಬೇಸಾಯವಲ್ಲ. ಈ ಸಲ ನೇಗಿಲು ದಾರಿಯ ಅಂಚಿಗೆ ಬಂದಾಗ ಈ ಮಾತನ್ನು ನೆನೆಯಿರಿ.